ಹೊಡೆದು ಓಡಿಸಬೇಕಾ, ಬೇಡವಾ? ಆಂಟಿಫಾ ಎಂಬ ನೂರು ವರ್ಷದ ಜಗಳ

2025ರ ಸೆಪ್ಟೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಆಂಟಿಫಾ ದೇಶದೊಳಗಿನ ಭಯೋತ್ಪಾದಕ ಸಂಘಟನೆ ಅಂತ ಅದರಲ್ಲಿತ್ತು. ತಮಾಷೆ ಏನೆಂದರೆ, ಐದು ವರ್ಷ ಹಿಂದೆ ಇದೇ ಟ್ರಂಪ್ ನೇಮಿಸಿದ್ದ ಎಫ್‌ಬಿಐ ಮುಖ್ಯಸ್ಥ ಕ್ರಿಸ್ಟೋಫರ್ ರೇ ಸಂಸತ್ತಿನ ಸಮಿತಿಯ ಮುಂದೆ ಕೂತು ಬೇರೆಯದನ್ನೇ ಹೇಳಿದ್ದರು. ಆಂಟಿಫಾ ಸಂಘಟನೆ ಅಲ್ಲ, ಅದೊಂದು ಚಳವಳಿ ಅಥವಾ ವಿಚಾರ ಅಂತ. ಹಾಗಂತ ಅದು ಕಟ್ಟುಕಥೆಯೂ ಅಲ್ಲ, ಆ ಹೆಸರು ಹೇಳಿಕೊಂಡು ಹಿಂಸೆ ಮಾಡಿದವರ ಮೇಲೆ ತನಿಖೆ ನಡೆಯುತ್ತಿದೆ ಅಂತಲೂ ಸೇರಿಸಿದ್ದರು.

ಈ ಗೊಂದಲ ನಮಗೇನೂ ಹೊಸದಲ್ಲ. ಕರ್ನಾಟಕದಲ್ಲಿ ಹಸಿರು ಶಾಲು ಹೊದ್ದವರೆಲ್ಲ ಒಂದೇ ರೈತ ಸಂಘದವರಲ್ಲ ಅಲ್ವಾ? ಒಂದು ಬಣಕ್ಕೂ ಇನ್ನೊಂದಕ್ಕೂ ಮಾತುಕತೆ ಇಲ್ಲದಿದ್ದರೂ ಶಾಲು ಮಾತ್ರ ಅದೇ. ಆಂಟಿಫಾ ಕೂಡ ಹಾಗೆಯೇ. ಅದು ‘ಆಂಟಿ-ಫ್ಯಾಸಿಸ್ಟ್’ ಅನ್ನುವುದರ ಗಿಡ್ಡ ರೂಪ. ಊರಿಗೊಂದು ಗುಂಪು, ಗುಂಪಿಗೊಂದು ಹೆಸರು. ಅರಾಜಕತಾವಾದಿಗಳಿದ್ದಾರೆ, ಕಮ್ಯುನಿಸ್ಟರಿದ್ದಾರೆ, ಯಾವ ಪಕ್ಷಕ್ಕೂ ಸೇರದವರೂ ಇದ್ದಾರೆ. ಎಲ್ಲರಿಗೂ ಸೇರಿ ಒಬ್ಬ ಅಧ್ಯಕ್ಷ, ಒಂದು ಕಚೇರಿ, ಒಂದು ಸದಸ್ಯತ್ವದ ರಸೀದಿ ಪುಸ್ತಕ ಇಲ್ಲ.

ಅವರನ್ನು ಸೇರಿಸುವುದು ಎರಡು ನಂಬಿಕೆಗಳು. ಫ್ಯಾಸಿಸ್ಟರಿಗೆ ಬೀದಿಯಲ್ಲಿ ಮೆರವಣಿಗೆ ಮಾಡಲು, ಸಭೆ ನಡೆಸಲು, ಬಲ ಬೆಳೆಸಿಕೊಳ್ಳಲು ಜಾಗವೇ ಕೊಡಬಾರದು ಅನ್ನುವುದು ಒಂದು. ಈ ಕೆಲಸಕ್ಕೆ ಪೊಲೀಸರನ್ನೋ ಕೋರ್ಟನ್ನೋ ನಂಬಿ ಕೂರಬಾರದು, ಬೇಕಾದರೆ ಕೈ ಮಾಡಲೂ ತಯಾರಿರಬೇಕು ಅನ್ನುವುದು ಇನ್ನೊಂದು. ಜಗಳವೆಲ್ಲ ಈ ಎರಡನೆಯದರ ಸುತ್ತ. ಫ್ಯಾಸಿಸಂ ಬೇಡ ಅನ್ನುವವರು ಕೋಟಿಗಟ್ಟಲೆ ಇದ್ದಾರೆ. ಅದಕ್ಕಾಗಿ ಬೀದಿಗಿಳಿದು ಕೈಕೈ ಮಿಲಾಯಿಸುವವರು ಅವರಲ್ಲಿ ಬೆರಳೆಣಿಕೆಯಷ್ಟು.

ನನಗೆ ಕುತೂಹಲ ಇರುವುದು ಒಂದು ಸರಳ ಪ್ರಶ್ನೆಯಲ್ಲಿ. ಇದರಿಂದ ಯಾವತ್ತಾದರೂ ಉಪಯೋಗ ಆಗಿದೆಯಾ? ಪರ ಇರುವವರು ಒಂದು ಘಟನೆ ತೋರಿಸುತ್ತಾರೆ, ವಿರೋಧ ಇರುವವರು ಇನ್ನೊಂದು. ನೂರು ವರ್ಷದ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಕಂಡದ್ದು ಇಷ್ಟು: ಎಷ್ಟು ಜೋರಾಗಿ ಹೊಡೆದರು ಅನ್ನುವುದಕ್ಕಿಂತ, ಹೊಡೆದವರ ಬೆನ್ನಿಗೆ ಯಾರಿದ್ದರು ಅನ್ನುವುದೇ ಹೆಚ್ಚು ಮುಖ್ಯವಾಗಿತ್ತು.

ಪಾರ್ಮಾದ ಹೊಳೆ

ಶುರುವಾಗಿದ್ದು ಇಟಲಿಯಲ್ಲಿ. 1919ರ ಮಾರ್ಚ್‌ನಲ್ಲಿ ಮಿಲಾನ್ ನಗರದಲ್ಲಿ ಮುಸೊಲಿನಿ ತನ್ನ ಗುಂಪು ಕಟ್ಟಿದ. ಮುಂದಿನ ಎರಡು ಮೂರು ವರ್ಷ ಕಪ್ಪು ಅಂಗಿ ತೊಟ್ಟ ಅವನ ದಳಗಳು ಲಾರಿಗಳಲ್ಲಿ ಬಂದಿಳಿದು ಕಾರ್ಮಿಕ ಸಂಘಗಳ ಕಚೇರಿ ಸುಡುತ್ತಿದ್ದವು, ಸಹಕಾರ ಸಂಘಗಳನ್ನು ಧ್ವಂಸ ಮಾಡುತ್ತಿದ್ದವು. ಎದುರಾಳಿಗಳನ್ನು ಹಿಡಿದು ಬಲವಂತವಾಗಿ ಹರಳೆಣ್ಣೆ ಕುಡಿಸುತ್ತಿದ್ದವು. ನಮ್ಮ ಮನೆಗಳಲ್ಲಿ ಮಕ್ಕಳ ಹೊಟ್ಟೆ ತೊಳೆಯಲು ಒಂದು ಚಮಚ ಕೊಡುತ್ತಿದ್ದ ಅದೇ ಎಣ್ಣೆ. ಅಲ್ಲಿ ಅದು ದೊಡ್ಡವರನ್ನು ಊರ ಮುಂದೆ ಅವಮಾನ ಮಾಡುವ ಆಯುಧ. ಪೊಲೀಸರು ಬಹಳ ಕಡೆ ನೋಡಿಯೂ ನೋಡದಂತೆ ಇದ್ದರು.

ಇದಕ್ಕೆ ಎದುರಾಗಿ 1921ರ ಬೇಸಿಗೆಯಲ್ಲಿ ಹುಟ್ಟಿದ್ದು ‘ಆರ್ದಿತಿ ದೆಲ್ ಪೊಪೊಲೊ’, ಅಂದರೆ ಜನರ ಧೀರ ಪಡೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದ ಸೈನಿಕರೇ ಇದನ್ನು ಕಟ್ಟಿದವರು. ರೋಮ್‌ನಲ್ಲಿ ಅರ್ಗೊ ಸೆಕೊಂದಾರಿ ಎಂಬ ಮಾಜಿ ಸೈನಿಕ ಇದರ ಮುಂದಾಳು. ಇವತ್ತು ಆಂಟಿಫಾ ಅನ್ನುವುದರ ಮೂಲಪುರುಷರು ಯಾರು ಅಂದರೆ ಇವರೇ ಅನ್ನಬಹುದು. ಆದರೆ ಇವರಿಗೆ ದೊಡ್ಡವರ ಬೆಂಬಲ ಸಿಗಲಿಲ್ಲ. ಸಮಾಜವಾದಿ ಪಕ್ಷ ಅದೇ ಆಗಸ್ಟ್‌ನಲ್ಲಿ ಮುಸೊಲಿನಿಯ ಜೊತೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿತು. ಕಮ್ಯುನಿಸ್ಟ್ ಪಕ್ಷ ‘ನಮ್ಮ ಹುಡುಗರು ನಮ್ಮ ಪಡೆಯಲ್ಲೇ ಇರಲಿ’ ಅಂತ ತನ್ನ ಕಾರ್ಯಕರ್ತರನ್ನು ತಡೆಯಿತು. ಒಪ್ಪಂದ ಕೆಲವೇ ತಿಂಗಳಲ್ಲಿ ಮುರಿದುಬಿತ್ತು. ಅಷ್ಟರಲ್ಲಿ ಧೀರ ಪಡೆಯೂ ಚದುರಿತ್ತು.

ಆದರೆ ಒಂದು ಊರು ಬೇರೆ ಥರ ನಡೆದುಕೊಂಡಿತು. ಅದು ಪಾರ್ಮಾ. ಊರ ಮಧ್ಯೆ ಅದೇ ಹೆಸರಿನ ಹೊಳೆ ಹರಿಯುತ್ತದೆ. ಹೊಳೆಯ ಆಚೆ ಬದಿ ಬಡವರ ಕೇರಿ. 1922ರ ಆಗಸ್ಟ್ ಮೊದಲ ವಾರ ಇತಾಲೊ ಬಾಲ್ಬೊ ಸಾವಿರಾರು ಕಪ್ಪಂಗಿಯವರನ್ನು ಕರೆದುಕೊಂಡು ಪಾರ್ಮಾಕ್ಕೆ ಮುತ್ತಿಗೆ ಹಾಕಿದ. ಕೇರಿಯ ಜನ ರಸ್ತೆಯ ಕಲ್ಲುಗಳನ್ನೇ ಕಿತ್ತು, ಗಾಡಿಗಳನ್ನು ಅಡ್ಡ ಹಾಕಿ, ಚರ್ಚಿನ ಬೆಂಚುಗಳನ್ನೂ ಎಳೆದು ತಂದು ತಡೆಗೋಡೆ ಕಟ್ಟಿದರು. ಮುಂದೆ ನಿಂತವರು ಗ್ವಿದೊ ಪಿಚೆಲ್ಲಿ ಎಂಬ ಸಂಸದ. ಆದರೆ ಕಾದಿದ್ದು ಇಡೀ ಕೇರಿ, ಹೆಂಗಸರು ಮುದುಕರು ಸೇರಿ. ಐದು ದಿನದ ನಂತರ ಬಾಲ್ಬೊ ವಾಪಸ್ ಹೋದ. ಮುಂದೆ ಅವನು ಮುಸೊಲಿನಿಯ ವಿಮಾನ ಮಂತ್ರಿಯಾಗಿ, ಅಟ್ಲಾಂಟಿಕ್ ಸಾಗರ ಹಾರಿ ದಾಟಿ ಜಗತ್ತಿನಲ್ಲೆಲ್ಲ ಹೆಸರು ಮಾಡಿದ. ಆಗ ಪಾರ್ಮಾದ ಗೋಡೆಯ ಮೇಲೆ ಯಾರೋ ಬರೆದರಂತೆ: ‘ಬಾಲ್ಬೊ, ಅಟ್ಲಾಂಟಿಕ್ ದಾಟಿದೆ, ಪಾರ್ಮಾ ಹೊಳೆ ಮಾತ್ರ ದಾಟಲಿಲ್ಲ.’

ಇದು ಗೆಲುವಾ? ಆ ಕೇರಿಗೆ ಹೌದು. ಇಟಲಿಗೆ ಅಲ್ಲ. ಮೂರು ತಿಂಗಳೂ ಕಳೆಯುವ ಮೊದಲೇ ಮುಸೊಲಿನಿ ರೋಮ್‌ನಲ್ಲಿ ಪ್ರಧಾನಿಯಾಗಿ ಕೂತಿದ್ದ. ಅವನನ್ನು ಕರೆದು ಕೂರಿಸಿದ್ದು ದೇಶದ ರಾಜ. ಬೀದಿಯಲ್ಲಿ ಸೋತವನಿಗೆ ಅರಮನೆಯ ಬಾಗಿಲು ತೆರೆದಿತ್ತು.

ಎರಡು ಬಾವುಟ, ಮೂರು ಬಾಣ

ಇವತ್ತು ಆಂಟಿಫಾ ಅಂದರೆ ಕಣ್ಣಿಗೆ ಬರುವ ಗುರುತು, ವೃತ್ತದೊಳಗೆ ಎರಡು ಬಾವುಟ. ಅದು ಹುಟ್ಟಿದ್ದು ಜರ್ಮನಿಯಲ್ಲಿ, 1932ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಜರ್ಮನ್ ಕಮ್ಯುನಿಸ್ಟ್ ಪಕ್ಷ ‘ಆಂಟಿಫಾಶಿಸ್ಟಿಶೆ ಆಕ್ಷಿಯೋನ್’ ಅಂತ ಒಂದು ಅಭಿಯಾನ ಶುರು ಮಾಡಿತು. ಆಗ ಎರಡೂ ಬಾವುಟ ಕೆಂಪು. ಈಗಿನ ಗುರುತಿನಲ್ಲಿ ಒಂದು ಕಪ್ಪು ಇರುವುದು 1980ರ ದಶಕದಲ್ಲಿ ಅರಾಜಕತಾವಾದಿಗಳು ಸೇರಿಕೊಂಡ ಮೇಲಿನ ಬದಲಾವಣೆ.

ಇಲ್ಲಿಯ ಕಥೆ ಬಹಳ ಬೇಸರದ್ದು. ಫ್ಯಾಸಿಸಂ ವಿರುದ್ಧ ಒಗ್ಗಟ್ಟು ಅಂತ ಬಾವುಟ ಎತ್ತಿದ ಪಕ್ಷವೇ, ಮಾಸ್ಕೋದ ಮಾತು ಕೇಳಿ, ಮಧ್ಯಮ ಎಡಪಂಥದ ಸೋಷಿಯಲ್ ಡೆಮಾಕ್ರಟರನ್ನು ‘ಸಾಮಾಜಿಕ ಫ್ಯಾಸಿಸ್ಟರು’ ಅಂತ ಕರೆಯುತ್ತಿತ್ತು. 1931ರಲ್ಲಿ ಪ್ರಶ್ಯಾ ರಾಜ್ಯದ ಸೋಷಿಯಲ್ ಡೆಮಾಕ್ರಟ್ ಸರ್ಕಾರವನ್ನು ಬೀಳಿಸುವ ಜನಮತಗಣನೆಯಲ್ಲಿ ನಾತ್ಸಿಗಳ ಕಡೆಗೇ ಮತ ಹಾಕಿ ಅಂತಲೂ ಹೇಳಿತ್ತು. ಆ ಕಡೆ ಸೋಷಿಯಲ್ ಡೆಮಾಕ್ರಟರೂ ತಮ್ಮದೇ ‘ಐಸರ್ನ ಫ್ರಂಟ್’ ಎಂಬ ಪಡೆ ಕಟ್ಟಿಕೊಂಡಿದ್ದರು. ಅವರ ಗುರುತು ಮೂರು ಬಾಣ. 1932ರ ಅವರ ಚುನಾವಣಾ ಪೋಸ್ಟರಿನಲ್ಲಿ ಒಂದು ಬಾಣ ಹಿಟ್ಲರನಿಗೆ, ಒಂದು ಆಗಿನ ಚಾನ್ಸೆಲರ್ ಪಾಪೆನ್‌ಗೆ, ಇನ್ನೊಂದು ಕಮ್ಯುನಿಸ್ಟ್ ನಾಯಕ ಥೆಲ್ಮನ್‌ಗೆ. ಈಗಿನ ಪ್ರತಿಭಟನೆಗಳಲ್ಲಿ ಎರಡು ಬಾವುಟ, ಮೂರು ಬಾಣ ಎರಡನ್ನೂ ಒಂದೇ ಫಲಕದ ಮೇಲೆ ಅಂಟಿಸಿಕೊಂಡು ಬರುವವರಿದ್ದಾರೆ. ಅಂದಿನವರು ನೋಡಿದ್ದರೆ ಅಲ್ಲೇ ಜಗಳಕ್ಕೆ ಬೀಳುತ್ತಿದ್ದರು.

1932ರ ಜುಲೈ 17ರಂದು ಹ್ಯಾಂಬರ್ಗ್ ಪಕ್ಕದ ಆಲ್ಟೊನಾದಲ್ಲಿ ಸಾವಿರಾರು ನಾತ್ಸಿಗಳು ಕಮ್ಯುನಿಸ್ಟರ ಕೇರಿಯೊಳಗೆ ಮೆರವಣಿಗೆ ತಂದರು. ಗುಂಡು ಹಾರಿತು. 18 ಜನ ಸತ್ತರು. ಅದರಲ್ಲಿ ಇಬ್ಬರು ನಾತ್ಸಿಗಳು. ಉಳಿದ ಬಹುತೇಕರು ಪೊಲೀಸರ ಗುಂಡಿಗೆ ಬಲಿಯಾದ ಕೇರಿಯ ಜನ. ಮೂರೇ ದಿನದಲ್ಲಿ ಪಾಪೆನ್ ‘ಪ್ರಶ್ಯಾದಲ್ಲಿ ಕಾನೂನು ಸುವ್ಯವಸ್ಥೆ ಇಲ್ಲ’ ಅಂತ ಇದನ್ನೇ ನೆಪ ಮಾಡಿಕೊಂಡು ಅಲ್ಲಿನ ಸರ್ಕಾರವನ್ನು ಕಿತ್ತುಹಾಕಿದ. ಜರ್ಮನಿಯ ಅತಿ ದೊಡ್ಡ ರಾಜ್ಯದ ಪೊಲೀಸ್ ಇಲಾಖೆ ಪ್ರಜಾಪ್ರಭುತ್ವದ ಕೈ ತಪ್ಪಿತು. ಮುಂದಿನ ವರ್ಷ ಹಿಟ್ಲರ್ ಬಂದ ಮೇಲೆ ಆಲ್ಟೊನಾದ ನಾಲ್ವರು ಕಮ್ಯುನಿಸ್ಟರ ತಲೆ ಕಡಿಯಲಾಯಿತು. ಆ ತೀರ್ಪು ರದ್ದಾಗಿದ್ದು 1992ರಲ್ಲಿ.

1932ರ ನವೆಂಬರ್ ಚುನಾವಣೆಯ ಲೆಕ್ಕ ನೋಡಿ. ನಾತ್ಸಿಗಳಿಗೆ ನೂರಕ್ಕೆ 33.1 ಮತ. ಸೋಷಿಯಲ್ ಡೆಮಾಕ್ರಟರಿಗೆ 20.4, ಕಮ್ಯುನಿಸ್ಟರಿಗೆ 16.9. ಕೂಡಿಸಿದರೆ ನಾತ್ಸಿಗಳಿಗಿಂತ ಜಾಸ್ತಿ. ಸುಮ್ನೆ ಕೂಡಿಸಿದ್ದರೆ ಹಿಟ್ಲರ್ ಬರುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ, ರಾಜಕೀಯ ಅಷ್ಟು ಸುಲಭದ ಗಣಿತ ಅಲ್ಲ. ಆದರೆ ಬೀದಿಯಲ್ಲಿ ಎಷ್ಟು ಧೈರ್ಯವಾಗಿ ಹೊಡೆದಾಡಿದರೂ, ಪಕ್ಕದ ಮನೆಯವನನ್ನೂ ಶತ್ರು ಅಂದುಕೊಂಡರೆ ಏನಾಗುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಯುದ್ಧ ಮುಗಿದ ಮೇಲೆ ‘ಫ್ಯಾಸಿಸಂ ವಿರೋಧ’ ಪೂರ್ವ ಜರ್ಮನಿಯ ಸರ್ಕಾರದ ಅಧಿಕೃತ ಮಂತ್ರವಾಯಿತು. 1961ರಲ್ಲಿ ತನ್ನದೇ ಜನ ಓಡಿಹೋಗದಂತೆ ಕಟ್ಟಿದ ಬರ್ಲಿನ್ ಗೋಡೆಗೆ ಅವರು ಇಟ್ಟ ಹೆಸರು ‘ಫ್ಯಾಸಿಸ್ಟ್ ವಿರೋಧಿ ರಕ್ಷಣಾ ಗೋಡೆ’. ಈ ಪದ ಕೇಳಿದಾಗ ಪೂರ್ವ ಯುರೋಪಿನ ಕೆಲವರು ಮುಖ ಸಿಂಡರಿಸುವುದಕ್ಕೆ ಕಾರಣ ಇದೆ.

ಕೇಬಲ್ ಸ್ಟ್ರೀಟ್‌ನ ಗೋಲಿಗಳು

ಈ ಇಡೀ ಚರಿತ್ರೆಯಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುವ ದಿನ 1936ರ ಅಕ್ಟೋಬರ್ 4, ಭಾನುವಾರ. ಲಂಡನ್ನಿನ ಪೂರ್ವ ಭಾಗ. ಹೊಲಿಗೆ ಕೆಲಸದ ಯಹೂದಿಗಳು, ಬಂದರಿನಲ್ಲಿ ಮೂಟೆ ಹೊರುವ ಐರಿಷ್ ಜನ, ಎಲ್ಲ ಬಡವರು ಒತ್ತಿಕೊಂಡು ಬದುಕುತ್ತಿದ್ದ ಕೇರಿಗಳು. ಆಸ್ವಾಲ್ಡ್ ಮೋಸ್ಲಿ ನಾಲ್ಕು ವರ್ಷ ಹಿಂದೆ ‘ಬ್ರಿಟಿಷ್ ಯೂನಿಯನ್ ಆಫ್ ಫ್ಯಾಸಿಸ್ಟ್ಸ್’ ಕಟ್ಟಿದ್ದ. ಅದರ ಹುಟ್ಟುಹಬ್ಬಕ್ಕೆ ಕಪ್ಪಂಗಿಯ ಸಾವಿರಾರು ಜನರನ್ನು ಈ ಕೇರಿಗಳ ನಡುವೆಯೇ ಮೆರವಣಿಗೆ ಮಾಡಿಸುತ್ತೇನೆ ಅಂದ.

ಬೇಡ, ನಿಷೇಧಿಸಿ ಅಂತ ಯಹೂದಿ ಜನರ ಸಮಿತಿಯೊಂದು ಎರಡೇ ದಿನದಲ್ಲಿ ಒಂದು ಲಕ್ಷದ ಹತ್ತಿರ ಸಹಿ ಸಂಗ್ರಹಿಸಿ ಗೃಹ ಇಲಾಖೆಗೆ ಕೊಟ್ಟಿತು. ಗೃಹ ಸಚಿವರು ಒಪ್ಪಲಿಲ್ಲ. ಯಾರು ಗೊತ್ತಾ ಆ ಸಚಿವ? ಸರ್ ಜಾನ್ ಸೈಮನ್. 1928ರಲ್ಲಿ ನಮ್ಮ ದೇಶಕ್ಕೆ ಬಂದು ‘ಸೈಮನ್ ಗೋ ಬ್ಯಾಕ್’ ಅನ್ನಿಸಿಕೊಂಡು ಹೋದ ಅದೇ ಸೈಮನ್. ಜನರ ಮನಸ್ಸು ಓದುವುದರಲ್ಲಿ ಅವರಿಗೆ ಎರಡನೇ ಸಲವೂ ಅದೃಷ್ಟ ಇರಲಿಲ್ಲ.

ಯಹೂದಿ ಸಮುದಾಯದ ಹಿರಿಯರು ಮನೆಯಲ್ಲೇ ಇರಿ, ಗಲಾಟೆಗೆ ಹೋಗಬೇಡಿ ಅಂದರು. ಲೇಬರ್ ಪಕ್ಷದ ನಾಯಕರೂ ಅದನ್ನೇ ಹೇಳಿದರು. ಕಮ್ಯುನಿಸ್ಟ್ ಪಕ್ಷ ಕೂಡ ಮೊದಲು ಆ ದಿನ ಸ್ಪೇನ್ ಅಂತರ್ಯುದ್ಧದಲ್ಲಿ ಫ್ಯಾಸಿಸ್ಟರನ್ನು ಎದುರಿಸುತ್ತಿದ್ದ ಅಲ್ಲಿನ ಸರ್ಕಾರದ ಪರವಾಗಿ ಬೇರೆ ಕಡೆ ಸಭೆ ಇಟ್ಟುಕೊಂಡಿತ್ತು. ತಮ್ಮದೇ ಸ್ಥಳೀಯ ಕಾರ್ಯಕರ್ತರ ಒತ್ತಡಕ್ಕೆ ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿತು. ಅಂದರೆ ಜನ ಮೊದಲು ಹೊರಟರು, ನಾಯಕರು ಹಿಂದೆ ಓಡಿಬಂದರು.

ಆ ದಿನ ಬೀದಿಗೆ ಬಂದವರು ಒಂದು ಲಕ್ಷಕ್ಕೂ ಜಾಸ್ತಿ ಅಂತ ಹೇಳುತ್ತಾರೆ. ಮೋಸ್ಲಿಯವರಿಗೆ ದಾರಿ ಮಾಡಿಕೊಡಲು ಸುಮಾರು 6,000 ಪೊಲೀಸರು. ಮುಖ್ಯ ರಸ್ತೆಯಲ್ಲಿ ಒಬ್ಬ ಚಾಲಕ ತನ್ನ ಟ್ರಾಮ್ ಗಾಡಿಯನ್ನೇ ನಡುದಾರಿಯಲ್ಲಿ ನಿಲ್ಲಿಸಿ ಇಳಿದು ಹೋದ. ಪೊಲೀಸರು ಪಕ್ಕದ ಕೇಬಲ್ ಸ್ಟ್ರೀಟ್‌ನಲ್ಲಿ ದಾರಿ ಬಿಡಿಸಲು ಹೋದರೆ ಅಲ್ಲಿ ಲಾರಿ ಉರುಳಿಸಿ ಅಡ್ಡ ಹಾಕಿತ್ತು. ಪೊಲೀಸ್ ಕುದುರೆಗಳ ಕಾಲಡಿಗೆ ಹುಡುಗರು ಗೋಲಿ ಚೆಲ್ಲಿದರು. ಮಹಡಿಯ ಕಿಟಕಿಗಳಿಂದ ಹೆಂಗಸರು ಕೊಳೆತ ತರಕಾರಿ ಎಸೆದರು, ಉಚ್ಚೆ ಪಾತ್ರೆ ಸುರಿದರು. ಗಡ್ಡದ ಯಹೂದಿಗಳ ಜೊತೆ ಐರಿಷ್ ಹಮಾಲಿಗಳು ನಿಂತರು. ಎಲ್ಲರ ಬಾಯಲ್ಲೂ ಸ್ಪೇನ್‌ನಿಂದ ಬಂದ ಘೋಷಣೆ: ‘ನೋ ಪಸರಾನ್’, ಅವರು ದಾಟಲಾರರು. ಕೊನೆಗೆ ಪೊಲೀಸ್ ಕಮಿಷನರ್ ಮೋಸ್ಲಿಗೆ ವಾಪಸ್ ಹೋಗು ಅಂದರು. ಅವನು ಹೋದ. ಎರಡು ದಿನಕ್ಕೆ ಬರ್ಲಿನ್‌ನಲ್ಲಿ, ನಾತ್ಸಿ ಪ್ರಚಾರ ಮಂತ್ರಿ ಗೋಬೆಲ್ಸ್‌ನ ಮನೆಯಲ್ಲಿ, ಹಿಟ್ಲರನ ಎದುರು ಮದುವೆಯಾದ. ಇದು ಕಥೆಗಾರರು ಕಟ್ಟಿದ್ದಲ್ಲ, ನಡೆದದ್ದೇ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ. ಆ ದಿನದ ಹೊಡೆದಾಟ ಬಹುತೇಕ ಜನರಿಗೂ ಪೊಲೀಸರಿಗೂ ನಡುವೆ, ಫ್ಯಾಸಿಸ್ಟರಿಗೆ ಅಷ್ಟೇನೂ ಏಟು ಬೀಳಲಿಲ್ಲ. ಜೈಲಿಗೆ ಹೋದವರೂ ಹೆಚ್ಚಾಗಿ ತಡೆಯಲು ಬಂದವರೇ. ಮುಂದಿನ ಭಾನುವಾರ ಫ್ಯಾಸಿಸ್ಟ್ ಹುಡುಗರ ಗುಂಪು ಮೈಲ್ ಎಂಡ್ ರಸ್ತೆಗೆ ನುಗ್ಗಿ ಯಹೂದಿ ಅಂಗಡಿಗಳ ಗಾಜು ಪುಡಿ ಮಾಡಿತು, ಸಿಕ್ಕವರಿಗೆ ಹೊಡೆಯಿತು. ಮೋಸ್ಲಿಯ ಪಕ್ಷಕ್ಕೆ ಲಂಡನ್ನಿನಲ್ಲಿ ಹೊಸ ಸದಸ್ಯರೂ ಸೇರಿದರು. 1937ರ ಮಾರ್ಚ್‌ನ ನಗರ ಚುನಾವಣೆಯಲ್ಲಿ ಬೆತ್ನಲ್ ಗ್ರೀನ್‌ನಲ್ಲಿ ಅವರಿಗೆ ನೂರಕ್ಕೆ 23 ಮತ ಬಿತ್ತು. ಒಂದು ಸೀಟೂ ಗೆಲ್ಲಲಿಲ್ಲ, ನಿಜ. ಆದರೆ ಕೇಬಲ್ ಸ್ಟ್ರೀಟ್‌ನಲ್ಲಿ ಸತ್ತೇ ಹೋದ ಪಕ್ಷಕ್ಕೆ ಅಷ್ಟು ಮತ ಬೀಳುವುದಿಲ್ಲ ಅಲ್ವಾ?

ಹಾಗಾದರೆ ಮೋಸ್ಲಿಯನ್ನು ಕಟ್ಟಿಹಾಕಿದ್ದು ಯಾವುದು? ಒಂದು, ಗಲಭೆಯಿಂದ ಗಾಬರಿಯಾದ ಸರ್ಕಾರ ತಂದ ಪಬ್ಲಿಕ್ ಆರ್ಡರ್ ಕಾಯ್ದೆ. 1937ರ ಜನವರಿ 1ರಿಂದ ರಾಜಕೀಯ ಸಮವಸ್ತ್ರ ನಿಷೇಧವಾಯಿತು. ಕಪ್ಪಂಗಿ ಬಿಚ್ಚಿದ ಮೇಲೆ ಆ ಪಡೆಯ ಗತ್ತು ಅರ್ಧಕ್ಕೆ ಇಳಿಯಿತು. ಇನ್ನೊಂದು, ಎಡಪಂಥದವರೇ ಮುಂದಿನ ವರ್ಷಗಳಲ್ಲಿ ಮಾಡಿದ ಸದ್ದಿಲ್ಲದ ಕೆಲಸ. ಬಾಡಿಗೆ ಜಾಸ್ತಿ ಕೇಳುವ ಮಾಲೀಕರ ವಿರುದ್ಧ ಯಹೂದಿ, ಐರಿಷ್, ಇಂಗ್ಲಿಷ್ ಬಾಡಿಗೆದಾರರನ್ನು ಒಂದೇ ಸಂಘದಲ್ಲಿ ಸೇರಿಸಿದರು. ಫ್ಯಾಸಿಸ್ಟ್ ಪಕ್ಷಕ್ಕೆ ಸೇರಿದ್ದ ಕುಟುಂಬವನ್ನೂ ಮನೆಯಿಂದ ಹೊರಹಾಕದಂತೆ ತಡೆದ ಪ್ರಸಂಗಗಳಿವೆ. ನನ್ನ ಕೇಳಿದರೆ ಕೇಬಲ್ ಸ್ಟ್ರೀಟ್‌ನ ನಿಜವಾದ ಎರಡನೇ ಅಧ್ಯಾಯ ಅದು. ಗೋಲಿ ಎಸೆದದ್ದು ಹಾಡಾಯಿತು, ಬಾಡಿಗೆ ಹೋರಾಟ ಯಾರಿಗೂ ನೆನಪಿಲ್ಲ.

ಆ ಕಾಯ್ದೆಗೂ ಒಂದು ಬಾಲಂಗೋಚಿ ಇದೆ. ಫ್ಯಾಸಿಸ್ಟರಿಗೆ ಅಂತ ತಂದ ಅದೇ ಪಬ್ಲಿಕ್ ಆರ್ಡರ್ ಕಾಯ್ದೆಯನ್ನು 1984-85ರಲ್ಲಿ ಮುಷ್ಕರ ಹೂಡಿದ ಗಣಿ ಕಾರ್ಮಿಕರ ಮೇಲೂ ಹಾಕಿದರು.

ಸ್ಪೇನ್ ಹೆಸರು ಬಂತಲ್ಲ, ಒಂದು ಸಣ್ಣ ಅಡ್ಡದಾರಿ. ಸರ್ಕಾರದ ಮೇಲೆ ದಂಗೆ ಎದ್ದ ಸೇನಾಧಿಕಾರಿ ಫ್ರಾಂಕೊ ವಿರುದ್ಧ ಹೋರಾಡಲು ಜಗತ್ತಿನ ಮೂಲೆಮೂಲೆಯಿಂದ ಸ್ವಯಂಸೇವಕರು ಅಲ್ಲಿಗೆ ಹೋದರು. ಪಾರ್ಮಾದ ಪಿಚೆಲ್ಲಿ 1937ರ ಜನವರಿಯಲ್ಲಿ ಅಲ್ಲೇ ಸತ್ತರು. ಭಾರತದಿಂದ ಹೋದ ಕೆಲವೇ ಮಂದಿಯಲ್ಲಿ ನಾಗಪುರದ ಗೋಪಾಲ ಮುಕುಂದ ಹುದ್ದಾರ್ ಒಬ್ಬರು. ಆರ್‌ಎಸ್‌ಎಸ್‌ನ ಮೊದಲ ಸರಕಾರ್ಯವಾಹ, ಅಂದರೆ ಪ್ರಧಾನ ಕಾರ್ಯದರ್ಶಿ, ಆಗಿದ್ದವರು. ‘ಜಾನ್ ಸ್ಮಿತ್’ ಅಂತ ಹೆಸರು ಬದಲಿಸಿಕೊಂಡು ಯುದ್ಧಕ್ಕೆ ಹೋಗಿ, ಫ್ರಾಂಕೊ ಪಡೆಗೆ ಸೆರೆಸಿಕ್ಕು, 1938ರಲ್ಲಿ ಬಿಡುಗಡೆಯಾಗಿ ಬಂದು, ಮುಂದೆ ಕಮ್ಯುನಿಸ್ಟರಾದರು. ಚರಿತ್ರೆ ನಮ್ಮ ಖಾನೆಗಳಲ್ಲಿ ಕೂರುವುದಿಲ್ಲ.

ಹಾಲಿನ ಬಾಟಲಿ ಮತ್ತು ಜ್ಯೂರಿ

ಯುದ್ಧ ಮುಗಿದು 1946ರಲ್ಲಿ ಮನೆಗೆ ಬಂದ ಬ್ರಿಟನ್ನಿನ ಯಹೂದಿ ಸೈನಿಕರು ನೋಡಿದರೆ ಮೋಸ್ಲಿಯ ಹಳೆಯ ಜನ ಮತ್ತೆ ಬೀದಿ ಮೂಲೆಯಲ್ಲಿ ನಿಂತು ಭಾಷಣ ಮಾಡುತ್ತಿದ್ದರು. ಹಿಟ್ಲರನನ್ನು ಸೋಲಿಸಿ ಬಂದವರಿಗೆ ಹೇಗಾಗಿರಬೇಡ! ಅವರು ‘43 ಗ್ರೂಪ್’ ಕಟ್ಟಿ, ಅಂಥ ಸಭೆಗಳಿಗೆ ನುಗ್ಗಿ ವೇದಿಕೆಯನ್ನೇ ಮಗುಚುತ್ತಿದ್ದರು. ಮುಂದೆ ಜಗತ್ಪ್ರಸಿದ್ಧ ಕೇಶ ವಿನ್ಯಾಸಕಾರನಾದ ವಿಡಾಲ್ ಸಸೂನ್ ಆಗ ಹದಿಹರೆಯದ ಹುಡುಗ, ಅವನೂ ಅದರಲ್ಲಿದ್ದ. 1950ರಲ್ಲಿ ಕೆಲಸ ಮುಗಿಯಿತು ಅಂತ ತಾವೇ ಗುಂಪು ವಿಸರ್ಜಿಸಿದರು. ಮರುವರ್ಷ ಮೋಸ್ಲಿ ಬ್ರಿಟನ್ ಬಿಟ್ಟುಹೋದ. ಇಂಥ ಗುಂಪುಗಳು ತಾವಾಗಿ ಅಂಗಡಿ ಮುಚ್ಚುವುದು ಬಹಳ ಅಪರೂಪ.

1970ರ ದಶಕದಲ್ಲಿ ಗುರಿ ಬದಲಾಯಿತು. ಈಗ ವಲಸಿಗರನ್ನು ವಿರೋಧಿಸುವ ಬಲಪಂಥೀಯ ಪಕ್ಷ ನ್ಯಾಷನಲ್ ಫ್ರಂಟ್‌ನ ಕಣ್ಣು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಕೆರಿಬಿಯನ್ ಮೂಲದವರ ಮೇಲೆ. 1976ರಲ್ಲಿ ಲಂಡನ್ನಿನ ಸೌತಾಲ್‌ನಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ ಹುಡುಗನ ಕೊಲೆಯಾಯಿತು. 1978ರಲ್ಲಿ ವೈಟ್‌ಚಾಪೆಲ್‌ನಲ್ಲಿ ಗಾರ್ಮೆಂಟ್ ಕೆಲಸಗಾರ ಅಲ್ತಾಬ್ ಅಲಿಯ ಕೊಲೆ. ಹಿರಿಯರ ಸಂಘಗಳು ಮನವಿ ಕೊಟ್ಟುಕೊಂಡು ಕೂತಿವೆ ಅನ್ನಿಸಿದ ಹುಡುಗರು ತಮ್ಮದೇ ಯುವಕ ಸಂಘಗಳನ್ನು ಕಟ್ಟಿದರು. 1979ರ ಏಪ್ರಿಲ್ 23ರಂದು ಸೌತಾಲ್‌ನಲ್ಲಿ ನ್ಯಾಷನಲ್ ಫ್ರಂಟ್ ಸಭೆಯ ವಿರುದ್ಧ ಪ್ರತಿಭಟನೆ ನಡೆದಾಗ ಬ್ಲೇರ್ ಪೀಚ್ ಎಂಬ ನ್ಯೂಜಿಲೆಂಡ್ ಮೂಲದ ಶಿಕ್ಷಕ ತಲೆಗೆ ಏಟು ಬಿದ್ದು ಸತ್ತರು. ಏಟು ಹೊಡೆದದ್ದು ಬಹುಶಃ ಒಬ್ಬ ಪೊಲೀಸ್ ಅಂತ ಪೊಲೀಸರ ಒಳಗಿನ ತನಿಖೆಯೇ ಹೇಳಿತ್ತು. ಆ ವರದಿ ಹೊರಬಂದದ್ದು 2010ರಲ್ಲಿ. ಶಿಕ್ಷೆ ಯಾರಿಗೂ ಆಗಲಿಲ್ಲ.

1981ರ ಜುಲೈನಲ್ಲಿ ಸೌತಾಲ್‌ಗೆ ತಲೆ ಬೋಳಿಸಿಕೊಂಡ ಸ್ಕಿನ್‌ಹೆಡ್ ಹುಡುಗರು ಬಸ್ಸುಗಳಲ್ಲಿ ಬಂದು ಗಲಾಟೆ ಮಾಡಿದರು. ವಾರದೊಳಗೆ ಬ್ರಾಡ್‌ಫರ್ಡ್‌ಗೂ ಫ್ಯಾಸಿಸ್ಟರು ಬರುತ್ತಾರಂತೆ ಅಂತ ಸುದ್ದಿ ಹಬ್ಬಿತು. ಅಲ್ಲಿನ ಹುಡುಗರು ಹಾಲಿನ ಬಾಟಲಿಗಳಿಗೆ ಪೆಟ್ರೋಲ್ ತುಂಬಿಸಿ ಇಟ್ಟುಕೊಂಡರು. ಫ್ಯಾಸಿಸ್ಟರು ಬರಲಿಲ್ಲ. ಬಾಟಲಿಗಳು ಪೊಲೀಸರಿಗೆ ಸಿಕ್ಕವು. 12 ಜನರ ಮೇಲೆ ಸ್ಫೋಟಕ ತಯಾರಿಸಿದ ಸಂಚಿನ ಕೇಸು ಬಿತ್ತು, ದೊಡ್ಡ ಶಿಕ್ಷೆ ಆಗಬಹುದಾದ ಕೇಸು.

ಅವರು ಕೋರ್ಟಿನಲ್ಲಿ ಮಾಡಿದ ವಾದ ಕೇಳಿ. ಹೌದು, ಬಾಂಬ್ ಮಾಡಿದ್ದು ನಾವೇ. ಪೊಲೀಸರು ನಮ್ಮನ್ನು ಕಾಪಾಡುವುದಿಲ್ಲ ಅಂತ ಅನುಭವದಿಂದ ಗೊತ್ತಿತ್ತು. ನಮ್ಮ ಕೇರಿ ಕಾಪಾಡಿಕೊಳ್ಳಲು ಮಾಡಿದೆವು. ಹೊರಗೆ ಜನ ಕೂಗುತ್ತಿದ್ದರು: ‘ಆತ್ಮರಕ್ಷಣೆ ಅಪರಾಧ ಅಲ್ಲ.’ 1982ರ ಜೂನ್‌ನಲ್ಲಿ ಲೀಡ್ಸ್ ನಗರದ ಕೋರ್ಟಿನಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಆಯ್ದ ಸಾಮಾನ್ಯ ನಾಗರಿಕರು, 12 ಜನರನ್ನೂ ಬಿಡುಗಡೆ ಮಾಡಿದರು. ಪೆಟ್ರೋಲ್ ಬಾಂಬ್ ಒಳ್ಳೆಯದು ಅಂತ ಆ ಜ್ಯೂರಿ ಹೇಳಲಿಲ್ಲ. ಆ ಊರಿನಲ್ಲಿ, ಆ ವಾರದಲ್ಲಿ, ಆ ಹುಡುಗರ ಭಯಕ್ಕೆ ಆಧಾರ ಇತ್ತು ಅಂತ ಸಾಮಾನ್ಯ ಜನರೇ ಒಪ್ಪಿದರು. ಆಂಟಿಫಾ ಪರ ವಾದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ನನಗೆ ಸಿಕ್ಕಿಲ್ಲ. ಇದು ನಡೆಯುವುದು ಎಷ್ಟು ಕಷ್ಟ ಅನ್ನುವುದಕ್ಕೂ ಇದೇ ಉದಾಹರಣೆ.

ಇದೇ ಹೊತ್ತಿನಲ್ಲಿ ಇನ್ನೊಂದು ದಾರಿಯೂ ಇತ್ತು. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಸುಮಾರು 80,000 ಯುವಕರು ಸಂಗೀತ ಕೇಳಲು ಸೇರಿದರು. ‘ರಾಕ್ ಅಗೆನ್‌ಸ್ಟ್ ರೇಸಿಸಂ’, ‘ಆಂಟಿ ನಾಜಿ ಲೀಗ್’ ಸೇರಿ ನಡೆಸಿದ ಜಾತ್ರೆ ಅದು. ಮರುವರ್ಷದ ಚುನಾವಣೆಯಲ್ಲಿ ನ್ಯಾಷನಲ್ ಫ್ರಂಟ್ 303 ಕಡೆ ನಿಂತು ಎಲ್ಲ ಕಡೆ ಠೇವಣಿ ಕಳೆದುಕೊಂಡಿತು. ಬೀದಿ ಹೊಡೆದಾಟದವರು ನಾವು ಗೆದ್ದೆವು ಅಂದರು, ಸಂಗೀತದವರು ನಾವು ಅಂದರು. ವಲಸಿಗರ ಬಗ್ಗೆ ಮಾರ್ಗರೆಟ್ ಥ್ಯಾಚರ್ ಬಿಗಿಯಾಗಿ ಮಾತಾಡಿದ್ದರಿಂದ ಆ ಮತಗಳೆಲ್ಲ ಅವರಿಗೆ ಹೋದವು ಅಂತ ಮೂರನೆಯವರು ಹೇಳಿದರು. ಮೂವರ ಮಾತಿನಲ್ಲೂ ಹುರುಳಿದೆ.

ಅಮೆರಿಕ: ಮುಖವಾಡ, ಫೋನು, ವೀಡಿಯೊ

ಅಮೆರಿಕಕ್ಕೆ ಇದು ಬಂದದ್ದು 1980ರ ದಶಕದ ಕೊನೆಗೆ. ಮಿನಿಯಾಪೊಲಿಸ್ ನಗರದಲ್ಲಿ ಜನಾಂಗೀಯ ದ್ವೇಷದ ವಿರುದ್ಧ ಇದ್ದ ಸ್ಕಿನ್‌ಹೆಡ್ ಹುಡುಗರೇ ನಾತ್ಸಿ ಸ್ಕಿನ್‌ಹೆಡ್‌ಗಳನ್ನು ಓಡಿಸಲು ನಿಂತರು. ಅದು ‘ಆಂಟಿ ರೇಸಿಸ್ಟ್ ಆ್ಯಕ್ಷನ್’ ಅಂತ ಬೇರೆ ಊರುಗಳಿಗೆ ಹರಡಿತು. ಆಂಟಿಫಾ ಅನ್ನುವ ಹೆಸರನ್ನೇ ಇಟ್ಟುಕೊಂಡ ಹಳೆಯ ಗುಂಪುಗಳಲ್ಲಿ ಒಂದು 2007ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಶುರುವಾದ ರೋಸ್ ಸಿಟಿ ಆಂಟಿಫಾ.

ಟಿವಿಯಲ್ಲಿ ನಮಗೆ ಕಾಣುವುದು ಕಪ್ಪು ಬಟ್ಟೆ, ಮುಖವಾಡ. ಅವರ ದಿನನಿತ್ಯದ ಕೆಲಸ ಅಷ್ಟು ರೋಚಕವಲ್ಲ. ಯಾವ ಆನ್‌ಲೈನ್ ಹೆಸರಿನ ಹಿಂದೆ ಯಾರಿದ್ದಾರೆ ಅಂತ ಕೂತು ಹುಡುಕುವುದು. ಸಭೆಗೆ ಜಾಗ ಕೊಟ್ಟ ಹೋಟೆಲಿಗೆ ಫೋನ್ ಮಾಡಿ ಬುಕಿಂಗ್ ರದ್ದು ಮಾಡಿಸುವುದು. ಇಂಥವನು ನಾತ್ಸಿ ಅಂತ ಅವನ ಕೆಲಸದ ಜಾಗಕ್ಕೆ ತಿಳಿಸುವುದು. ಇದಕ್ಕೆ ಡಾಕ್ಸಿಂಗ್ ಅನ್ನುತ್ತಾರೆ. ಹೊಡೆತಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ತಪ್ಪು ಮನುಷ್ಯನ ಹೆಸರು ಹಾಕಿದರೆ ಹೊಡೆತಕ್ಕಿಂತ ದೊಡ್ಡ ಗಾಯವನ್ನೂ ಮಾಡುತ್ತದೆ.

2017ರ ಜನವರಿಯಲ್ಲಿ ಟ್ರಂಪ್ ಪ್ರಮಾಣವಚನದ ದಿನ, ಬಿಳಿಯ ರಾಷ್ಟ್ರೀಯವಾದಿ ರಿಚರ್ಡ್ ಸ್ಪೆನ್ಸರ್‌ಗೆ ಮುಖವಾಡದ ಒಬ್ಬ ಕ್ಯಾಮೆರಾ ಎದುರೇ ಗುದ್ದಿದ. ‘ನಾತ್ಸಿಗೆ ಗುದ್ದುವುದು ಸರಿಯಾ?’ ಅಂತ ಇಡೀ ದೇಶ ಚರ್ಚೆಗೆ ಕೂತಿತು. ಅದೇ ಆಗಸ್ಟ್ 12ರಂದು ಶಾರ್ಲಟ್ಸ್‌ವಿಲ್ ಊರಿನಲ್ಲಿ ಗುರಾಣಿ ಹಿಡಿದ ಬಲಪಂಥೀಯರ ರ‍್ಯಾಲಿ. ಪೊಲೀಸರು ಬಹಳ ಹೊತ್ತು ದೂರವೇ ನಿಂತರು. ಕೊನೆಗೆ ಒಬ್ಬ ನಾತ್ಸಿ ಅಭಿಮಾನಿ ಪ್ರತಿಭಟನಾಕಾರರ ಮೇಲೆ ಕಾರು ನುಗ್ಗಿಸಿ ಹೆದರ್ ಹೇಯರ್ ಎಂಬ 32 ವರ್ಷದ ಮಹಿಳೆಯನ್ನು ಕೊಂದ. ಆ ದಿನ ಶಾಂತವಾಗಿ ನಿಂತಿದ್ದ ಪಾದ್ರಿಗಳ ಜೊತೆಗಿದ್ದ ಚಿಂತಕ ಕಾರ್ನೆಲ್ ವೆಸ್ಟ್, ತಮ್ಮ ಜೀವ ಉಳಿಸಿದ್ದು ಆಂಟಿಫಾದವರು ಅಂತ ಆಮೇಲೆ ಹೇಳಿದರು. ಸ್ಪೆನ್ಸರ್ 2018ರಲ್ಲಿ ಕಾಲೇಜುಗಳ ಪ್ರವಾಸ ನಿಲ್ಲಿಸುವಾಗ, ಆಂಟಿಫಾ ಗೆಲ್ಲುತ್ತಿದೆ ಅಂತ ತಾನೇ ಒಪ್ಪಿಕೊಂಡ.

ಇನ್ನೊಂದು ತಕ್ಕಡಿಯಲ್ಲಿ ಏನಿದೆ? ಪೋರ್ಟ್‌ಲೆಂಡ್‌ನಲ್ಲಿ ಪತ್ರಕರ್ತನೊಬ್ಬನಿಗೆ ಬಡಿದದ್ದು ಇದೆ. 2020ರ ಆಗಸ್ಟ್ 29ರಂದು ಅದೇ ಊರಿನಲ್ಲಿ, ತಾನು ನೂರಕ್ಕೆ ನೂರು ಆಂಟಿಫಾ ಅಂತ ಬರೆದುಕೊಂಡಿದ್ದ ಮೈಕಲ್ ರೈನೋಲ್ ಎಂಬವನು ಬಲಪಂಥೀಯ ಗುಂಪಿನ ಆರನ್ ಡ್ಯಾನಿಯಲ್‌ಸನ್‌ನನ್ನು ಗುಂಡಿಟ್ಟು ಕೊಂದ. ಐದು ದಿನದ ನಂತರ ಅವನೂ ಪೊಲೀಸ್ ಗುಂಡಿಗೆ ಸತ್ತ. ಜರ್ಮನಿಯಲ್ಲಿ ನವ-ನಾತ್ಸಿಗಳನ್ನು ಹುಡುಕಿ ಹುಡುಕಿ ಸುತ್ತಿಗೆಯಿಂದಲೂ ಹೊಡೆದ ಗುಂಪಿನ ವಿದ್ಯಾರ್ಥಿನಿಗೆ 2023ರ ಮೇ ತಿಂಗಳಲ್ಲಿ ಡ್ರೆಸ್ಡನ್ ಕೋರ್ಟು 5 ವರ್ಷ 3 ತಿಂಗಳ ಶಿಕ್ಷೆ ಕೊಟ್ಟಿತು. ಅಲ್ಲಿ ಕಾಯಬೇಕಾದ ಕೇರಿ ಇರಲಿಲ್ಲ. ರಾತ್ರಿ ಒಬ್ಬನ ಹಿಂದೆ ಹೋಗಿ ಹತ್ತು ಜನ ಬಡಿಯುವುದನ್ನು ಕೇಬಲ್ ಸ್ಟ್ರೀಟ್‌ನ ಸಂಪ್ರದಾಯ ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ.

ವಾದ ಎಲ್ಲಿ ಸಿಕ್ಕಿಕೊಂಡಿದೆ

ಪರ ಇರುವವರ ವಾದ ಸರಳ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಹಿಟ್ಲರ್ ಕೂಡ ಒಂದು ಕಾಲಕ್ಕೆ ಬಿಯರ್ ಅಂಗಡಿಯಲ್ಲಿ ಕೂಗಾಡುತ್ತಿದ್ದ ಸಣ್ಣ ಮನುಷ್ಯ, ದೊಡ್ಡವನಾದ ಮೇಲೆ ಚರ್ಚೆಗೆ ಕರೆದರೆ ಬರುತ್ತಾನಾ? ಅಮೆರಿಕದಲ್ಲಿ ನಾತ್ಸಿಗಳ ಮಾತಿಗೂ ಸಂವಿಧಾನದ ರಕ್ಷಣೆ ಇದೆ, ಜರ್ಮನಿಯಂತೆ ಅವರ ಗುರುತುಗಳಿಗೆ ನಿಷೇಧ ಇಲ್ಲ. ಸರ್ಕಾರ ತಡೆಯದಿದ್ದರೆ ನಾವು ತಡೆಯುತ್ತೇವೆ ಅನ್ನುತ್ತಾರೆ. ಇದಕ್ಕೆ ತತ್ತ್ವಜ್ಞಾನಿ ಕಾರ್ಲ್ ಪಾಪರ್ 1945ರಲ್ಲಿ ಹೇಳಿದ ‘ಸಹಿಷ್ಣುತೆಯ ವಿರೋಧಾಭಾಸ’ವನ್ನು ಹಿಡಿದು ತರುತ್ತಾರೆ: ಎಲ್ಲವನ್ನೂ ಸಹಿಸಿದರೆ ಸಹಿಷ್ಣುತೆಯೇ ಸಾಯುತ್ತದೆ. ಆದರೆ ಪಾಪರ್ ಅದೇ ಉಸಿರಿನಲ್ಲಿ, ಮಾತಿನಿಂದ ಎದುರಿಸಲು ಆಗುವ ತನಕ ಬಾಯಿ ಮುಚ್ಚಿಸುವುದು ಜಾಣತನ ಅಲ್ಲ ಅಂತಲೂ ಹೇಳಿದ್ದರು. ವಾಟ್ಸಾಪ್‌ನಲ್ಲಿ ಓಡಾಡುವ ಕಾರ್ಟೂನಿನಲ್ಲಿ ಆ ಸಾಲು ಇರುವುದಿಲ್ಲ.

ವಿರೋಧ ಬಲಪಂಥದಿಂದ ಮಾತ್ರ ಬಂದಿಲ್ಲ. ಎಡಪಂಥದ ದೊಡ್ಡ ಹೆಸರು ನೋಮ್ ಚಾಮ್ಸ್ಕಿ 2017ರಲ್ಲಿ ಆಂಟಿಫಾವನ್ನು ಬಲಪಂಥಕ್ಕೆ ಸಿಕ್ಕ ದೊಡ್ಡ ಉಡುಗೊರೆ ಅಂದರು. ಹೊಡೆದಾಟದ ಮೈದಾನದಲ್ಲಿ ಯಾವಾಗಲೂ ಹೆಚ್ಚು ಕ್ರೂರಿಯೇ ಗೆಲ್ಲುತ್ತಾನೆ ಅನ್ನುವುದು ಅವರ ಮಾತು. ಇನ್ನೊಂದು ತೊಡಕು, ಫ್ಯಾಸಿಸ್ಟ್ ಯಾರು ಅಂತ ತೀರ್ಮಾನಿಸುವವರು ಯಾರು? ಜರ್ಮನಿಯ ಕಮ್ಯುನಿಸ್ಟರು ಸೋಷಿಯಲ್ ಡೆಮಾಕ್ರಟರಿಗೇ ಆ ಹಣೆಪಟ್ಟಿ ಹಚ್ಚಿದ್ದು ನೆನಪಿರಲಿ.

ಗಾಂಧಿಯ ಹೆಸರು ಇಲ್ಲಿ ಬರಲೇಬೇಕು. 1938ರ ನವೆಂಬರ್‌ನಲ್ಲಿ, ಜರ್ಮನಿಯಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಸುಟ್ಟು ಕೆಲವೇ ದಿನಗಳಾಗಿದ್ದವು. ಆಗ ಅವರು ‘ಹರಿಜನ’ ಪತ್ರಿಕೆಯಲ್ಲಿ, ಅಲ್ಲಿನ ಯಹೂದಿಗಳು ಸತ್ಯಾಗ್ರಹ ಮಾಡಬೇಕು ಅಂತ ಬರೆದರು. ಜೆರುಸಲೇಮ್‌ನಿಂದ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ ನೊಂದು ಉತ್ತರ ಬರೆದರು. ಗಾಂಧಿಯ ಬಗ್ಗೆ ಅಪಾರ ಗೌರವ ಇದ್ದವರು ಅವರು. ಸತ್ಯಾಗ್ರಹಕ್ಕೆ ಯಾರಾದರೂ ನೋಡುವವರು ಬೇಕು, ಕಾನ್ಸಂಟ್ರೇಶನ್ ಕ್ಯಾಂಪಿನ ಒಳಗೆ ನೋಡುವವರು ಯಾರು ಅನ್ನುವುದು ಅವರ ತಿರುಳು. ಅಹಿಂಸೆಗೂ ಸಾಕ್ಷಿ ಬೇಕು, ಬ್ರಾಡ್‌ಫರ್ಡ್‌ನ ಹುಡುಗರಿಗೂ ಜ್ಯೂರಿ ಬೇಕಾಗಿತ್ತು.

ಈಗ ಮತ್ತೆ 2025ಕ್ಕೆ. ಅಮೆರಿಕದ ಕಾನೂನಿನಲ್ಲಿ ವಿದೇಶಿ ಭಯೋತ್ಪಾದಕ ಸಂಘಟನೆಗಳ ಪಟ್ಟಿ ಇದೆ, ದೇಶದೊಳಗಿನವುಗಳಿಗೆ ಅಂಥ ಪಟ್ಟಿ ಇಲ್ಲ. ಹಾಗಾಗಿ ಸೆಪ್ಟೆಂಬರಿನ ಆದೇಶಕ್ಕೆ ಕಾನೂನಿನ ಬಲ ಎಷ್ಟು ಅಂತ ವಕೀಲರು ಆಗಿನಿಂದಲೇ ಕೇಳುತ್ತಿದ್ದಾರೆ. ನವೆಂಬರ್‌ನಲ್ಲಿ ಸರ್ಕಾರ ಯುರೋಪಿನ ನಾಲ್ಕು ಗುಂಪುಗಳನ್ನು ವಿದೇಶಿ ಪಟ್ಟಿಗೆ ಸೇರಿಸಿತು. ಜರ್ಮನಿಯ ‘ಆಂಟಿಫಾ ಓಸ್ಟ್’ ಅದರಲ್ಲಿ ಒಂದು. ರಸೀದಿ ಪುಸ್ತಕ ಇಲ್ಲದ ಸಂಘಕ್ಕೆ ಯಾರು ಸದಸ್ಯರು? ಫಲಕ ಹಿಡಿದವರಾ, ಚಂದಾ ಕೊಟ್ಟವರಾ, ಎರಡು ಬಾವುಟದ ಟೀ ಶರ್ಟ್ ಹಾಕಿದವರಾ? ಇದಕ್ಕೆ ಉತ್ತರ ಕೋರ್ಟುಗಳಲ್ಲಿ ಒಂದೊಂದೇ ಕೇಸಿನಲ್ಲಿ ಬರಬೇಕು.

ಕೇಬಲ್ ಸ್ಟ್ರೀಟ್‌ನಲ್ಲಿ ಈಗ ಹಳೆಯ ಟೌನ್‌ಹಾಲ್ ಗೋಡೆಯ ಮೇಲೆ ಆ ಭಾನುವಾರದ ದೊಡ್ಡ ಚಿತ್ರ ಇದೆ. 1982ರಲ್ಲಿ ಚಿತ್ರ ಇನ್ನೂ ಅರ್ಧದಲ್ಲಿದ್ದಾಗ ಬಲಪಂಥದವರು ಅದರ ಮೇಲೆ ಬಣ್ಣ ಬಳಿದು ಘೋಷಣೆ ಬರೆದರು. ಕಲಾವಿದರು ಮತ್ತೆ ಬಿಡಿಸಿ 1983ರಲ್ಲಿ ಮುಗಿಸಿದರು. ಆ ಹೊತ್ತಿಗೆ ಹೊಲಿಗೆಯ ಯಹೂದಿಗಳು ಬೇರೆ ಬಡಾವಣೆಗಳಿಗೆ ಹೋಗಿ, ಆ ಮನೆಗಳಿಗೆ ಬಾಂಗ್ಲಾದೇಶದ ಸಿಲ್ಹೆಟ್‌ನವರು ಬಂದಿದ್ದರು. ಅವರೂ ಹೊಲಿಗೆ ಕೆಲಸದವರೇ. ಅಲ್ತಾಬ್ ಅಲಿಯ ಹೆಸರಿನ ಉದ್ಯಾನ ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ.